ಓ ಅಕ್ಷರದ ನೋಟರಿ

ಒಂಟಾರಿಯೋದ ಬ್ರಾಂಪ್ಟನ್ನಿನ ಶೇಖಪ್ಪ ಬಳಿಗಾರ ನೋಟರಿಯಾಗಬೇಕೆಂದು ನಿಶ್ಚಯಿಸಿದ್ದು ಒಂದು ಗೃಹಪ್ರವೇಶದ ಊಟದ ಸಾಲಿನಲ್ಲಿ, ಕೈಯಲ್ಲಿ ಕಾಗದದ ತಟ್ಟೆ ಹಿಡಿದು ನಿಂತಾಗ. ಮನೆಯ ಯಜಮಾನರು ಸಾಲಿನಲ್ಲಿದ್ದವರನ್ನೆಲ್ಲ ತಮ್ಮ ಬೀಗರಿಗೆ ಪರಿಚಯಿಸುತ್ತ ಬಂದರು. ಇವರು ಡಾಕ್ಟರು, ಇವರು ಬ್ಯಾಂಕಿನಲ್ಲಿ ವೈಸ್ ಪ್ರೆಸಿಡೆಂಟು, ಇವರು ಪಿಕರಿಂಗ್ ಅಣುಸ್ಥಾವರದಲ್ಲಿ ಇಂಜಿನಿಯರು ಸೀನಪ್ಪ. ಶೇಖಪ್ಪನ ಹತ್ತಿರ ಬಂದಾಗ ಮಾತ್ರ ಅವರ ನಾಲಗೆ ತಡವರಿಸಿತು. "ಇವ್ರು... ನಮ್ಮ ನೀಲಾಂಬಿಕಾ ಅಕ್ಕಾರ ಯಜಮಾನ್ರು" ಎಂದು ಹೇಳಿ ಮುಂದಕ್ಕೆ ಸರಿದರು.

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನೀಲಾಂಬಿಕಾ ತಟ್ಟಿದ ಜೋಳದ ರೊಟ್ಟಿ ಓಕ್‌ವಿಲ್‌ನಿಂದ ಪಿಕರಿಂಗ್‌ವರೆಗೆ ಹೆಸರಾಗಿತ್ತು. ಶೇಖಪ್ಪನೂ ಹಿಟ್ಟಿನ ಕಸುಬಿನವನೇ. ಬ್ರೆಡ್ ಫ್ಯಾಕ್ಟರಿಯಲ್ಲಿ ಬ್ರೆಡ್ಡಿಗೆ ಪ್ಲಾಸ್ಟಿಕ್ ಚೀಲ ತೊಡಿಸುವ ಯಂತ್ರದ ಮುಂದೆ ನಿಲ್ಲುತ್ತಿದ್ದ. ಆದರೆ ಈ ಭೂಮಿಯ ಮೇಲೆ ಯಾರೂ ಬ್ರೆಡ್ ತಿಂದು, "ಆಹಾ, ಚೀಲ ತೊಡಿಸಿದವರು ಯಾರು?" ಎಂದು ಕೇಳಿದ ಉದಾಹರಣೆಯಿಲ್ಲ.

ಅದೇ ವಾರ ಅವನ ಫೋನಿನಲ್ಲಿ ಜಾಹೀರಾತೊಂದು ಬಂತು. ಮನೆಯಲ್ಲೇ ಕುಳಿತು ನೋಟರಿಯಾಗಿ, ವಿಡಿಯೋ ಮೂಲಕ ಜಗತ್ತಿನ ಯಾವ ಮೂಲೆಯವರ ಕಾಗದಕ್ಕೂ ಮುದ್ರೆ ಒತ್ತಿ! ಶೇಖಪ್ಪ ಆ ಕೂಡಲೇ ಸೇರಿಕೊಂಡ. ಮೊದಲ ಪುಟದಲ್ಲೇ ಒಂದು ತೊಡಕು ಎದುರಾಯಿತು. ನಿಮ್ಮ ರಾಜ್ಯ ಯಾವುದು, ಆರಿಸಿ ಎಂದಿತ್ತು. ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಜಾಲಾಡಿದರೂ ಒಂಟಾರಿಯೋ ಸಿಗಲಿಲ್ಲ. ಓ ಅಕ್ಷರದ ಹತ್ತಿರ ಓಹಾಯೋ, ಓಕ್ಲಹೋಮಾ, ಓರೆಗಾನ್ ಮಾತ್ರ ಇದ್ದವು. ನಮ್ಮ ಶೇಖಪ್ಪ ಆತುರಗಾರನಲ್ಲ. ನಕಾಶೆ ತೆಗೆದು ನೋಡಿ, ಓಹಾಯೋ ಒತ್ತಿದ.

"ರೀ, ಅದು ಬ್ಯಾರೆ ದೇಶ ಅಲ್ಲೇನ್ರಿ?" ಎಂದಳು ನೀಲಾಂಬಿಕಾ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ.

"ಒಂದು ಕೆರಿ ಅಡ್ಡ ಐತಿ ಅಷ್ಟ, ನೀಲಾ. ಹುಬ್ಬಳ್ಳಿ ಧಾರವಾಡ ಇದ್ದಂಗ. ಎರಡಕ್ಕೂ ಒಂದ ಆಫೀಸ್ ಇರತೈತಿ."

"ಸರಕಾರದವರು ಪರವಾನಗಿ ಕೊಡಬೇಕಲ್ರಿ?"

"ಪರೀಕ್ಷಾ ಪಾಸಾದ ಮ್ಯಾಲೆ ಸರಕಾರ ಯಾಕ ಬ್ಯಾಡ ಅಂತೈತಿ?"

ಪರೀಕ್ಷೆ ಪಾಸಾಯಿತು. ಪ್ರಮಾಣಪತ್ರ ಪ್ರಿಂಟಾಗಿ, ಚೌಕಟ್ಟು ಹಾಕಿಸಿಕೊಂಡು, ಹಾಲ್‌ನಲ್ಲಿ ಟಿವಿಯ ಪಕ್ಕ ಗೋಡೆಯೇರಿತು. ಮುದ್ರೆ ಅಂಚೆಯಲ್ಲಿ ಬರಬೇಕಿತ್ತು. ಅದು ಬರುವುದರೊಳಗೆ ಸುದ್ದಿ ಹೊರಟಿತು. ಸುದ್ದಿಗೆ ಅಂಚೆಯ ಹಂಗಿರಲಿಲ್ಲ, ಏಕೆಂದರೆ ಪಕ್ಕದ ಮನೆಯಲ್ಲಿ ಉಡುಪಿಯ ವಿನೋದಾ ಇದ್ದಳು.

"ಎಂತ ಶೇಖಪ್ಪಣ್ಣ, ನೋಟರಿ ಆದದ್ದು ನನಗೆ ಹೇಳಲೇ ಇಲ್ಲ ಅಲ್ಲ! ನನ್ನ ತಂಗಿ ಮಗಳು ಶರ್ಮಿಳಾ ಅದಕ್ಕೆ ಲಾ ಕಾಲೇಜು, ಪರೀಕ್ಷೆ, ಲೈಸೆನ್ಸು ಅಂತ ಎಷ್ಟು ಒದ್ದಾಡಿದ್ದು ಗೊತ್ತುಂಟಾ? ನೀವು ಹೇಗೆ ಮಾಡಿದ್ದು ಮಾರಾಯ್ರೆ?"

"ಫ್ಯಾಕ್ಟರಿ ಬ್ರೇಕಿನಾಗ ಓದಿದ್ನಿರಿ" ಎಂದ ಶೇಖಪ್ಪ ವಿನಯದಿಂದ.

ವಿನೋದಾಳ ವಾಟ್ಸಾಪ್ ಬಳಗದಲ್ಲಿ ಅವನು ನೋಟರಿಯಾಗಿಯೇ ಹೊರಟ. ಮಿಸಿಸಾಗಾ ತಲುಪುವಾಗ ವಕೀಲನಾಗಿದ್ದ. ಪಿಕರಿಂಗ್ ಮುಟ್ಟುವ ಹೊತ್ತಿಗೆ ಬಡ್ತಿ ಎಲ್ಲಿಗೆ ಹೋಗಿತ್ತೆಂದರೆ, ಇಂಜಿನಿಯರ್ ಸೀನಪ್ಪ ಫೋನ್ ಮಾಡಿ, "ನನ್ನದೊಂದು ಸ್ಪೀಡಿಂಗ್ ಟಿಕೆಟ್ ಉಂಟು, ನಿಮ್ಮ ಕೋರ್ಟಿಗೇ ಬರ್ತದಾ?" ಎಂದು ಕೇಳಿದ.

ಮೊದಲು ಮನೆಗೇ ಬಂದವರು ನಾಗವ್ವ ಅಕ್ಕೋರು. ಬೆಳಗಾವಿ ಕಡೆಯ ಸರಕಾರಿ ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿ, ಈಗ ಇಲ್ಲಿ ಮಗನ ಮನೆಯಲ್ಲಿದ್ದವರು. ಪ್ರತಿ ನವೆಂಬರಿನಲ್ಲಿ ತಾವು ಜೀವಂತ ಇರುವುದನ್ನು ಊರಿನ ಪೆನ್ಷನ್ ಕಚೇರಿಗೆ ರುಜುವಾತು ಮಾಡುವುದು ಅವರ ಕರ್ತವ್ಯವಾಗಿತ್ತು.

"ಶೇಖಪ್ಪಾ, ನಾ ಬದಕೀನಿ ಅಂತ ನೀ ಬರದು ಕೊಡಬೇಕಪಾ. ಹೋದ ವರ್ಷ ಕಾಗದ ತಡ ಆಗಿ ನನ್ನ ಸತ್ತವರ ಪೈಕಿ ಹಾಕಿದ್ರು. ಮತ್ತ ಅಲ್ಲಿಂದ ಎದ್ದು ಬರೂದ್ರಾಗ ಸಾಕಾಗಿ ಹೋತು."

"ಐತವಾರ ಬರ್ರಿ ಅಕ್ಕೋರ. ಜೀವಾ ಕೊಟ್ಟ ಕಳಸತೇನಿ" ಎಂದು ಶೇಖಪ್ಪ ಅಭಯ ನೀಡಿದ.

ಅದೇ ಸಂಜೆ ಕ್ಲೈನ್‌ಬರ್ಗಿನಿಂದ ಬಸವೇಶನ ಫೋನು ಬಂತು. ಮನೆಗಳ ದಲ್ಲಾಳಿಯಾಗಿ ದೊಡ್ಡ ಬಂಗಲೆ ಕಟ್ಟಿಸಿಕೊಂಡವನು. ಇಷ್ಟು ವರ್ಷ ಶೇಖಪ್ಪನನ್ನು ಕಂಡರೆ ಕಾರಿನ ಗಾಜು ಏರಿಸುತ್ತಿದ್ದ. ಈಗ "ಶೇಖಪ್ಪಣ್ಣಾ" ಎಂದು ದನಿಯಲ್ಲಿ ಬೆಣ್ಣೆ ಕರಗಿಸಿದ. "ನಮ್ಮ ನಂಜುಂಡಪ್ಪ ಕಾಕಾಂದು ಒಂದ ಸಣ್ಣ ಕಾಗದ ಐತಿ. ಸಹಿ ಮಾಡಸೂದು, ಶಿಕ್ಕಾ ಹೊಡಿಯೂದು, ಮುಗೀತು. ದೊಡ್ಡ ವಕೀಲರ ಕಡೆ ಹೋದ್ರ ಸುಮ್ಮನ ನೂರಾ ಎಂಟು ಪ್ರಶ್ನೆ ಕೇಳತಾರ. ನೀ ನಮ್ಮವಾ."

ನಮ್ಮವ ಎಂದಾಕ್ಷಣ ಶೇಖಪ್ಪನ ಕಣ್ಣು ತುಂಬಿಬಂತು. ಅವನನ್ನೂ ಐತವಾರಕ್ಕೇ ಕರೆದ.

ಐತವಾರ ಬೆಳಿಗ್ಗೆ ಮನೆಯ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಹಾಲ್ ತುಂಬ ಜನ. ಯಾರಿಗೋ ಅತ್ತೆಯನ್ನು ಕರೆಸಿಕೊಳ್ಳುವ ಆಹ್ವಾನಪತ್ರ, ಯಾರಿಗೋ ಹೆಸರಿನ ಕಾಗುಣಿತ ತಿದ್ದುವ ಪ್ರಮಾಣ. ವಿನೋದಾ ಬಾಗಿಲಲ್ಲಿ ನಿಂತು ಸಾಲು ನೋಡಿಕೊಳ್ಳುತ್ತಿದ್ದಳು. ನೀಲಾಂಬಿಕಾ ಬಂದವರಿಗೆಲ್ಲ ರೊಟ್ಟಿ, ಎಣಗಾಯಿ ಬಡಿಸುತ್ತಿದ್ದಳು. ಎಲ್ಲವೂ ಸಿದ್ಧ. ಮುದ್ರೆಯೊಂದು ಬಂದಿರಲಿಲ್ಲ. ಇಲ್ಲಿ ಪಾರ್ಸೆಲ್ಲಿಗೆ ಐತವಾರದ ರಜೆಯಿಲ್ಲ. ಇವತ್ತೇ ತಲುಪುತ್ತದೆ ಎಂದು ಫೋನು ಹೇಳುತ್ತಿತ್ತು, ಎಷ್ಟು ಹೊತ್ತಿಗೆಂದು ಹೇಳುತ್ತಿರಲಿಲ್ಲ.

ಕಾಲ ತಳ್ಳಬೇಕಾಗಿತ್ತು. ಅದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದಿತ್ತು. ಶೇಖಪ್ಪ ಕಲಿತದ್ದು ದೂರದಿಂದ ನೋಟರಿ ಮಾಡುವ ವಿದ್ಯೆ. ಎದುರಿಗೆ ಕುಳಿತವರಿಗೆ ಹೇಗೆ ಮಾಡುವುದೆಂಬ ಪಾಠ ಅವನ ಕೋರ್ಸಿನಲ್ಲಿರಲಿಲ್ಲ. ಗೊತ್ತಿಲ್ಲದ್ದನ್ನು ಮಾಡಬಾರದೆಂಬ ವಿವೇಕ ಅವನಿಗಿತ್ತು.

"ಎಲ್ಲಾರೂ ಒಬ್ಬೊಬ್ಬರಾಗಿ ಕೆಳಗ ಬೇಸ್‌ಮೆಂಟಿಗೆ ಹೋಗಬೇಕ್ರಿ" ಎಂದು ಘೋಷಿಸಿದ. "ಅಲ್ಲೆ ಲ್ಯಾಪ್‌ಟಾಪ್ ಐತಿ. ಅಲ್ಲಿಂದ ನನಗ ವಿಡಿಯೋ ಕಾಲ್ ಮಾಡ್ರಿ. ನಾ ಇಲ್ಲಿಂದ ಎತ್ತತೇನಿ."

ಸೀನಪ್ಪ ಎದ್ದು ನಿಂತ. "ಅಲ್ಲ ಮಾರಾಯ್ರೆ, ನಾನು ಪಿಕರಿಂಗಿಂದ ಇಷ್ಟು ದೂರ ಡ್ರೈವ್ ಮಾಡಿ ಬಂದದ್ದು ನಿಮ್ಮ ಬೇಸ್‌ಮೆಂಟಿಂದ ನಿಮಗೆ ಕಾಲ್ ಮಾಡ್ಲಿಕ್ಕಾ?"

"ಕಾಯದೆ ಹಂಗೈತ್ರಿ" ಎಂದ ಶೇಖಪ್ಪ. ಕಾಯದೆ ಎಂಬ ಮಾತಿನ ಮುಂದೆ ಅಣುಸ್ಥಾವರವೂ ತೆಪ್ಪಗಾಯಿತು.

ಮೊದಲು ನಾಗವ್ವ ಅಕ್ಕೋರು ಕೈಗಂಬಿ ಹಿಡಿದು ಮೆಟ್ಟಿಲಿಳಿದರು. ಮುಖ ದೊಡ್ಡದಾಗಿ ಕಾಣಲೆಂದು ಶೇಖಪ್ಪ ತನ್ನ ಫೋನನ್ನು ಟಿವಿಗೆ ಜೋಡಿಸಿದ್ದ. ಹಾಗಾಗಿ ಬೇಸ್‌ಮೆಂಟಿನ ಗುಟ್ಟೆಲ್ಲ ಹಾಲ್‌ನಲ್ಲಿದ್ದವರ ಪಾಲಾಗುತ್ತಿತ್ತು.

"ತಮ್ಮ ಹೆಸರು ಹೇಳ್ರಿ."

"ಮುಂಜಾನಿಂದ ನಿನ್ನ ಮನ್ಯಾಗ ಎರಡ ಸಲ ಚಾ ಕುಡದೇನಿ. ಈಗ ಹೆಸರು ಕೇಳತೀಯಲ್ಲೋ!"

"ಕಾಯದೆ ಅಕ್ಕೋರ."

"ನಾಗವ್ವ ಬಾಗೇವಾಡಿ. ಬರಕೋ. ಕಾಗುಣಿತ ತಪ್ಪಬ್ಯಾಡ."

"ಖೋಲ್ಯಾಗ ನೀವು ಒಬ್ಬರ ಅದೀರೇನು? ಲ್ಯಾಪ್‌ಟಾಪ್ ಎತ್ತಿ ನಾಕೂ ಕಡೆ ತೋರಸ್ರಿ."

ಅಕ್ಕೋರು ಎತ್ತಿ ತೋರಿಸಿದರು. ಟಿವಿಯ ಮೇಲೆ ಅಕ್ಕಿಯ ಚೀಲಗಳು, ಉಪ್ಪಿನಕಾಯಿಯ ಭರಣಿಗಳು, ವ್ಯಾಯಾಮದ ಯಂತ್ರದ ಮೇಲೆ ಒಣಗಲು ಹಾಕಿದ ಶೇಖಪ್ಪನ ಪಟ್ಟಾಪಟ್ಟಿ ಚಡ್ಡಿಗಳು ನಿಧಾನವಾಗಿ ಮೆರವಣಿಗೆ ಹೋದವು. ನೀಲಾಂಬಿಕಾ ಸವಟು ಹಿಡಿದುಕೊಂಡೇ ಓಡಿಬಂದಳು. "ಅಯ್ಯ ಶಿವನ! ಆ ಮೂಲಿ ತೋರಸಬ್ಯಾಡ್ರಿ ಅಕ್ಕೋರ!"

ಶೇಖಪ್ಪ ವಿಚಲಿತನಾಗಲಿಲ್ಲ. ಮುಂದಿನ ಪ್ರಶ್ನೆ ಕೇಳಿದ. "ನೀವು ಯಾರ ಒತ್ತಾಯನೂ ಇಲ್ಲದ, ಸ್ವಂತ ಇಚ್ಛಾದಿಂದ ಜೀವಂತ ಅದೀರೇನು?"

"ಒತ್ತಾಯ ಮಾಡಿದ್ರ ಯಾರಪಾ ಬದಕತಾರ?"

ಹಾಲ್ ಚಪ್ಪಾಳೆ ತಟ್ಟಿತು. ಮುದ್ರೆ ಬಂದಮೇಲೆ ಸಹಿ ಮಾಡಿಸುವುದಾಗಿ ಹೇಳಿ ಶೇಖಪ್ಪ ಅವರನ್ನು ಮೇಲಕ್ಕೆ ಕರೆದ. ಆಮೇಲೆ ಸೀನಪ್ಪ ಇಳಿದ, ಮತ್ತಿಬ್ಬರು ಇಳಿದರು. ಮುದ್ರೆಯ ಸುಳಿವಿಲ್ಲ. ಅಷ್ಟರಲ್ಲಿ ಬಸವೇಶ ತನ್ನ ಕಾಕಾನನ್ನು ಕರೆದುಕೊಂಡು ಬಂದ.

ನಂಜುಂಡಪ್ಪನವರು ಹೆಂಡತಿ ತೀರಿಕೊಂಡ ಮೇಲೆ ಹುಬ್ಬಳ್ಳಿಯ ತಮ್ಮ ಗಡಿಯಾರದ ಅಂಗಡಿ ಬಾಡಿಗೆಗೆ ಕೊಟ್ಟು, ಅಣ್ಣನ ಮಗನ ಕರೆಗೆ ಓಗೊಟ್ಟು ಕ್ಲೈನ್‌ಬರ್ಗಿಗೆ ಬಂದವರು. ಮಿತಮಾತಿನ ಮನುಷ್ಯ. ಮಾತಾಡಲು ಹೋದರೆ ಮೇಲಿನ ದವಡೆಯ ಹಲ್ಲಿನ ಸೆಟ್ಟು ಕಳಚುತ್ತಿತ್ತು, ಮೌನಕ್ಕೆ ಅದೂ ಒಂದು ಕಾರಣ.

"ಕಾಕಾ ಇಲ್ಲೇ ಕುಂತು ಸಹಿ ಮಾಡತಾನ" ಎಂದ ಬಸವೇಶ.

"ಆಗೂದಿಲ್ಲ. ಬೇಸ್‌ಮೆಂಟಿಗೆ ಒಬ್ಬರ ಹೋಗಬೇಕು."

"ನಾ ಜೋಡಿ ಹೋಗತೇನಿ. ಅವಂಗ ಇಂಗ್ಲಿಷ್ ಬರೂದಿಲ್ಲ."

"ಖೋಲ್ಯಾಗ ಒಬ್ಬರ ಇರಬೇಕು ಅಂತ ಮೂರನೇ ಪಾಠದಾಗ ಐತಿ" ಎಂದು ಶೇಖಪ್ಪ ಕಾಗದವನ್ನು ತಾನಿಟ್ಟುಕೊಂಡ. ನಂಜುಂಡಪ್ಪನವರು ಖುಷಿಯಿಂದಲೇ ಇಳಿದರು. ಆ ಬಂಗಲೆಯಲ್ಲಿ ಅವರನ್ನು ಯಾರಾದರೂ ಕೂರಿಸಿಕೊಂಡು ಮಾತಾಡಿಸಿ ಬಹಳ ದಿನಗಳಾಗಿದ್ದವು. ನೀಲಾಂಬಿಕಾ ಬಸವೇಶನ ಕೈಗೂ ರೊಟ್ಟಿಯ ತಟ್ಟೆ ಕೊಟ್ಟಳು.

"ನಂಜುಂಡಪ್ಪ ಕಾಕಾ, ಈ ಕಾಗದ ಏನಂತ ಗೊತ್ತೈತೇನ್ರಿ ನಿಮಗ?" ಶೇಖಪ್ಪ ಕೇಳಿದ್ದು ಹೊತ್ತು ಕಳೆಯಲಿಕ್ಕೆ. ಕಣ್ಣು ಕಿಟಕಿಯಾಚೆ ಅಂಚೆಯ ಗಾಡಿಯ ಮೇಲಿತ್ತು.

"ಗೊತ್ತಿಲ್ಲದ ಏನು? ಹಲ್ಲಿನ ಇನ್ಶೂರೆನ್ಸು" ಎಂದರು ಟಿವಿಯೊಳಗಿಂದ ನಂಜುಂಡಪ್ಪನವರು. "ಸಹಿ ಮಾಡಿದ್ರ ಮ್ಯಾಲಿನ ಸೆಟ್ಟು ಹೊಸಾದು ಬರತೈತಂತ. ಬಸು ಹೇಳ್ಯಾನ."

"ಚಲೋ ಆತು. ಹಂಗಾರ ಒಮ್ಮೆ ಪೂರಾ ಓದತೇನಿ ಕೇಳ್ರಿ" ಎಂದ ಶೇಖಪ್ಪ. ಓದುವಷ್ಟರಲ್ಲಿ ಗಾಡಿ ಬಂದೀತೆಂಬ ಆಸೆ. ತಡವರಿಸುತ್ತ, ಬೆರಳಿಟ್ಟುಕೊಂಡು, ಒಂದೊಂದೇ ಸಾಲನ್ನು ಕನ್ನಡಕ್ಕೆ ಎಳೆದು ತಂದ. ಒಂದು ಪುಟ ಮುಗಿಯಿತು. ಎರಡನೆಯದಕ್ಕೆ ಬಂದಾಗ ಹುಬ್ಬು ಗಂಟಿಕ್ಕಿತು.

"ಕಾಕಾ, ಇದರಾಗ ಹಲ್ಲು ಇನ್ನೂ ಬಂದಿಲ್ಲ ನೋಡ್ರಿ."

"ಮುಂದ ಬರತೈತಿ, ಓದು."

"ಇಲ್ಲೆ ಅಂಗಡಿ ಬಂದೈತಿ. ಹುಬ್ಬಳ್ಳಿ ಮಾರ್ಕೆಟ್ಟಿನ ಗಡಿಯಾರದ ಅಂಗಡಿ. ಮಾರಾಕ, ಬರಕೊಡಾಕ, ರೊಕ್ಕ ತಗೋಳಾಕ ಬಸವೇಶಗ ಪೂರಾ ಅಧಿಕಾರ ಅಂತ."

ಟಿವಿಯಲ್ಲಿ ನಂಜುಂಡಪ್ಪನವರ ಮುಖ ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಕಡೆಗೆ ಇಡೀ ಪರದೆಯಲ್ಲಿ ಅವರ ಹುಬ್ಬೊಂದೇ ಉಳಿಯಿತು.

"ಅದು ನನ್ನ ಅಂಗಡಿ ಅಲ್ಲೇನೋ?"

ಹಾಲ್‌ನಲ್ಲಿದ್ದ ಅಷ್ಟೂ ತಲೆಗಳು ಬಸವೇಶನ ಕಡೆ ಹೊರಳಿದವು. ಅವನ ಬಾಯಲ್ಲಿ ರೊಟ್ಟಿಯಿತ್ತು. ಜೋಳದ ರೊಟ್ಟಿಯನ್ನು ಅವಸರದಲ್ಲಿ ನುಂಗಲಾಗದು. ಜನ ಕಾದರು.

"ಕಾಕಾಗ... ಈಗೀಗ ನೆನಪು ಇರೂದಿಲ್ಲ" ಎಂದ ಕೊನೆಗೂ.

ಅದು ಕೆಳಗೂ ಕೇಳಿಸಿತು. "ನೆನಪಿಲ್ಲ?" ಟಿವಿ ಗುಡುಗಿತು. "ಆ ಷಟರ್ಸ್ ಅರ್ಧಕ್ಕ ಸಿಕ್ಕೊಳತೈತಿ, ಎಡಗಾಲಿಲೆ ಒದ್ದು ಎತ್ತಬೇಕು. ಬಾಡಿಗಿಗೆ ಇರೋ ಹುಡುಗನ ಹೆಂಡತಿ ಹೋದ ವಾರ ಹಡದಾಳ, ಹೆಣ್ಣು. ನಿಮ್ಮಪ್ಪ ನಿನ್ನ ಫೀ ಕಟ್ಟಾಕ ರೊಕ್ಕ ಕೇಳಾಕ ಬಂದು ಆ ಅಂಗಡ್ಯಾಗ ಕುಂತ ಅತ್ತಿದ್ದೂ ನೆನಪೈತಿ. ಇನ್ನೇನರ ಬೇಕೇನ್ ಬಸು?"

ಹೇಳುವಷ್ಟರಲ್ಲಿ ಹಲ್ಲಿನ ಸೆಟ್ಟು ಕಳಚಿತು. ಅದನ್ನು ಹಿಡಿದು, ಮತ್ತೆ ಕೂಡಿಸಿಕೊಂಡು, ಅವರು ಎದ್ದು ಹೋದರು. ಬೇಸ್‌ಮೆಂಟಿನ ಬಾಗಿಲಿಗೆ ಒಳಗಿಂದ ಚಿಲಕ ಬಿದ್ದ ಸದ್ದು ಮೇಲಕ್ಕೂ ಕೇಳಿಸಿತು.

"ನಾ ಇಲ್ಲೇ ಇರತೇನಿ" ಎಂದರು, ಮತ್ತೆ ಟಿವಿಯೊಳಗೆ ಬಂದು ಕುಳಿತು. "ಉಪ್ಪಿನಕಾಯಿ ಐತಿ."

ಬಸವೇಶನ ಬೆಣ್ಣೆಯೆಲ್ಲ ಹೆಪ್ಪುಗಟ್ಟಿತು. "ಏ ಶೇಖಪ್ಪ! ಶಿಕ್ಕಾ ಹೊಡಿ ಅಂದ್ರ ಪುರಾಣ ಓದತೀಯಾ? ನೀ ಯಾವ ಸೀಮಿ ನೋಟರಿಯೋ? ಎಲ್ಲೈತಿ ನಿನ್ನ ಮುದ್ರಿ?"

ದೈವಲೀಲೆಯೋ, ಅಂಚೆಯವರ ಲೀಲೆಯೋ, ಆ ಗಳಿಗೆಗೆ ಸರಿಯಾಗಿ ಬಾಗಿಲ ಗಂಟೆ ಮೊಳಗಿತು. ವಿನೋದಾ ಪೊಟ್ಟಣ ಹಿಡಿದು ಓಡಿಬಂದಳು. "ಬಂತು ಶೇಖಪ್ಪಣ್ಣ! ಹಾಕಿ, ಇವನ ಮುಖದ ಮೇಲೆಯೇ ಹಾಕಿ!"

ಶೇಖಪ್ಪ ಎದ್ದು ನಿಂತ. ಪೊಟ್ಟಣ ಬಿಚ್ಚಿ, ಮುದ್ರೆ ಹೊರತೆಗೆದು, ಬಸವೇಶನ ಕಣ್ಣಲ್ಲಿ ಕಣ್ಣಿಟ್ಟು, ಕೈಗೆ ಸಿಕ್ಕಿದ ಕಾಗದದ ನ್ಯಾಪ್‌ಕಿನ್ನಿನ ಮೇಲೆ ಧಡ್ ಎಂದು ಒತ್ತಿದ. "ಅಕ್ಕೋರ, ಎಲ್ಲಾರಿಗೂ ಕೇಳೂಹಂಗ ಓದ್ರಿ!"

ನಾಗವ್ವ ಅಕ್ಕೋರು ಕನ್ನಡಕ ಏರಿಸಿ, ಮೂರನೇ ಇಯತ್ತೆಯವರಿಗೆ ಓದುವಂತೆ ಸ್ಪಷ್ಟವಾಗಿ ಓದಿದರು. "ಸ್ಯಾಂಪಲ್. ಸ್ಟೇಟ್ ಆಫ್... ಓ... ಹಾ... ಯೋ. ಫಾರ್ ಪ್ರಾಕ್ಟೀಸ್ ಓನ್ಲಿ." ತಲೆಯೆತ್ತಿ ಕೇಳಿದರು, "ಓಹಾಯೋ ಬ್ರಾಂಪ್ಟನ್ನಿನ ಯಾವ ವಾರ್ಡಿನಾಗ ಬರತೈತಿ ಶೇಖಪ್ಪ?"

"ಅದು ಅಮೆರಿಕ, ಅಕ್ಕ" ಎಂದ ಸೀನಪ್ಪ ಮೆಲ್ಲಗೆ.

ಬಸವೇಶ ನಕ್ಕ. ತೊಡೆ ತಟ್ಟಿಕೊಂಡು ನಕ್ಕ. "ನಕಲಿ ನೋಟರಿ! ಪೊಲೀಸರನ್ನ ಕರಸತೇನಿ ತಡಿ." ಕಾಗುಣಿತ ತಿದ್ದಿಸಲು ಬಂದವರೊಬ್ಬರು ಜಾಕೆಟ್ ತೊಟ್ಟುಕೊಳ್ಳತೊಡಗಿದರು. ಶೇಖಪ್ಪ ನ್ಯಾಪ್‌ಕಿನ್ನನ್ನು ತಿರುಗಿಸಿ ಮುರುಗಿಸಿ ನೋಡಿದ. ಎತ್ತ ಹಿಡಿದರೂ ಅದು ಓಹಾಯೋ ಎಂದೇ ಹೇಳುತ್ತಿತ್ತು. "ಕೆರಿ ಆಚೀ ಕಡೆ ಅಷ್ಟ ಅಂತ ತಿಳಕೊಂಡಿದ್ನಿ" ಎಂದು ಪಿಸುಗುಟ್ಟಿ ಸೋಫಾದಲ್ಲಿ ಕುಸಿದ.

ನಾಗವ್ವ ಅಕ್ಕೋರು ಮಾತ್ರ ಬಸವೇಶನನ್ನು ಬಿಡಲಿಲ್ಲ. "ಅಂವಾ ನೋಟರಿ ಅಲ್ಲ, ಖರೆ. ನಿನ್ನ ಕಾಗದದಾಗ ಹಲ್ಲು ಇಲ್ಲ, ಅದೂ ಖರೆ ಅಲ್ಲೇನು? ಪೊಲೀಸರು ಬರಲಿ. ಇಬ್ಬರಿಗೂ ಒಂದ ಸಲ ಆಗತೈತಿ."

ಪೊಲೀಸರ ಬದಲು ವಿನೋದಾ ಓಕ್‌ವಿಲ್‌ಗೆ ಫೋನ್ ಮಾಡಿದಳು. ಕ್ಷಣದಲ್ಲಿ ತಂಗಿಯ ಮಗಳು ಶರ್ಮಿಳಾ ಟಿವಿಯ ಮೇಲೆ ಪ್ರತ್ಯಕ್ಷಳಾದಳು, ಕೈಯಲ್ಲಿ ಕಾಫಿಯ ಕಪ್ಪು. ಕಥೆಯೆಲ್ಲ ಕೇಳಿ ಅವಳು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಅಂಕಲ್, ಆ ಸ್ಟ್ಯಾಂಪ್ ಯಾವುದಾದ್ರೂ ಡಾಕ್ಯುಮೆಂಟ್ ಮೇಲೆ ಹಾಕಿದ್ರಾ?"

"ನ್ಯಾಪ್‌ಕಿನ್ ಮ್ಯಾಲೆ ಅಷ್ಟ, ತಾಯಿ."

"ನ್ಯಾಪ್‌ಕಿನ್ ಓಕೆ. ಬದುಕಿದ್ರಿ." ಅವಳು ನಿಟ್ಟುಸಿರಿಟ್ಟಳು. "ಕೇಳಿ. ಓಹಾಯೋದಲ್ಲಿ ಕೋರ್ಸ್ ಒಂದೇ ಸಾಕಾಗಲ್ಲ. ಅಲ್ಲಿ ವಾಸ ಇರ್ಬೇಕು, ಬ್ಯಾಕ್‌ಗ್ರೌಂಡ್ ಚೆಕ್ ಆಗ್ಬೇಕು, ಸರಕಾರ ನೇಮಿಸ್ಬೇಕು, ಆನ್‌ಲೈನ್ ಮಾಡ್ಲಿಕ್ಕೆ ಬೇರೆ ಪರ್ಮಿಶನ್. ಇಲ್ಲಿ ಒಂಟಾರಿಯೋದಲ್ಲಿ ನೋಟರಿ ಅಂದ್ರೆ ಲಾಯರ್ಸ್, ಇಲ್ಲಾ ಸಣ್ಣ ಕೇಸು ನಡೆಸೋ ಲೈಸೆನ್ಸ್ ಇರೋ ಪ್ಯಾರಾಲೀಗಲ್ಸ್. ಬೇರೆಯವರಿಗೆ ಅವರ ಕೆಲಸಕ್ಕೆ ಬೇಕಾದ್ರೆ ಮಾತ್ರ, ಅದೂ ಲಿಮಿಟೆಡ್. ಎಲ್ಲಿ, ಈಗ ಎಲ್ಲರೂ ಹಾಲ್‌ನಿಂದ ಹೊರಗೆ ಹೋಗಿ. ನಾನು ಆ ಅಜ್ಜನ ಹತ್ರ ಒಬ್ಬಳೇ ಮಾತಾಡ್ಬೇಕು. ಲ್ಯಾಪ್‌ಟಾಪನ್ನೂ ಈ ಕಾಲ್‌ಗೆ ಸೇರಿಸಿ."

ಶೇಖಪ್ಪ ತಲೆಯೆತ್ತಿದ. "ಅಂದ್ರ... ಒಬ್ಬರ ಇರಬೇಕು ಅನ್ನೂದು ಇಲ್ಲೂ ಐತೇನು?"

"ಖಂಡಿತ. ಯಾರಾದ್ರೂ ಹೆದರಿಸ್ತಿದ್ದಾರಾ, ಮೋಸ ಮಾಡ್ತಿದ್ದಾರಾ ಅಂತ ತಿಳಿಯೋದು ಹಾಗೇ. ನೀವು ಅದನ್ನ ಕರೆಕ್ಟಾಗಿ ಮಾಡಿದ್ರಿ."

ಜನರೆಲ್ಲ ಅಡುಗೆಮನೆಗೂ ಗ್ಯಾರೇಜಿಗೂ ತುಂಬಿಕೊಂಡರು. ಗೋಡೆಗೆ ಕಿವಿ ಹಚ್ಚಿದವರನ್ನು ವಿನೋದಾ ಗದರಿಸಿ ಎಬ್ಬಿಸಿ, ಆ ಜಾಗದಲ್ಲಿ ತಾನು ನಿಂತಳು. ಬಸವೇಶ ಅಂಗಳದಲ್ಲಿ ಶತಪಥ ಹಾಕಿದ. ಶರ್ಮಿಳಾ ಮತ್ತೆ ಎಲ್ಲರನ್ನೂ ಕರೆದಾಗ ಅವಳ ಕಾಫಿ ಪಕ್ಕಕ್ಕೆ ಹೋಗಿತ್ತು, ದನಿ ಗಟ್ಟಿಯಾಗಿತ್ತು.

"ಅಜ್ಜ ಆ ಪೇಪರ್‌ಗೆ ಸಹಿ ಹಾಕಲ್ಲ. ಅವ್ರಿಗೆ ಎಲ್ಲಾ ನೆನಪಿದೆ, ನನಗಿಂತ ಜಾಸ್ತಿ. ಬಸವೇಶ್ ಅವ್ರೇ, ಅವರ ಪಾಸ್‌ಪೋರ್ಟ್ ನಿಮ್ಮ ಹತ್ರ ಇದೆಯಂತೆ. ಈಗಲೇ ಟೇಬಲ್ ಮೇಲೆ ಇಡಿ."

ಬಸವೇಶ ಸುತ್ತ ನೋಡಿದ. ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು. ಗುರುತಿಗೆಂದು ತಂದಿದ್ದ ಪಾಸ್‌ಪೋರ್ಟ್ ಮೇಜಿನ ಮೇಲೆ ಬಿತ್ತು, ಅದರ ಹಿಂದೆಯೇ ಕಾರು ಗುರ್ರೆಂದು ಹೊರಟಿತು. ನೀಲಾಂಬಿಕಾಳ ಮನೆಯಿಂದ ರೊಟ್ಟಿಯ ಗಂಟಿಲ್ಲದೆ ಹೊರಬಿದ್ದ ಮೊದಲ ಮನುಷ್ಯ ಅವನು. ಇದಕ್ಕಿಂತ ಕಠಿಣ ಶಿಕ್ಷೆ ನಮ್ಮ ಜನರ ಕಾನೂನಿನಲ್ಲಿಲ್ಲ.

ಮಧ್ಯಾಹ್ನ ಶರ್ಮಿಳಾ ಚೀಲ ಹಿಡಿದು ತಾನೇ ಬಂದಿಳಿದಳು. ಇಲ್ಲಿಯ ಎಷ್ಟೋ ಪ್ರಮಾಣಗಳನ್ನು ವಿಡಿಯೋದಲ್ಲೇ ಮುಗಿಸಬಹುದಾದರೂ, ಬೆಳಗಾವಿಯ ಪೆನ್ಷನ್ ಕಚೇರಿ ಶಾಯಿಯ ಸಹಿಯನ್ನಷ್ಟೇ ನಂಬುತ್ತದೆಂದು ಅಕ್ಕೋರು ಹಟ ಹಿಡಿದಿದ್ದರು. ಬಂದವಳು ದಂಗಾದಳು. ಪ್ರತಿಯೊಬ್ಬರ ಕೈಯಲ್ಲೂ ಗುರುತಿನ ಚೀಟಿ, ಖಾಲಿ ಬಿಡದೆ ತುಂಬಿದ ಕಾಗದ. ಸಹಿ ಮಾತ್ರ ಯಾರೂ ಮುಂಚಿತವಾಗಿ ಹಾಕಿರಲಿಲ್ಲ. ಶೇಖಪ್ಪ ಬೆಳಗಿನಿಂದ ಹೊತ್ತು ಕಳೆಯಲು ಒಬ್ಬೊಬ್ಬರನ್ನೂ ಪೀಡಿಸಿ ಮಾಡಿಸಿದ್ದು ಅದು.

"ಅಂಕಲ್, ಇಷ್ಟು ರೆಡಿ ಇರೋ ಕ್ಲೈಂಟ್ಸ್ ನಾನು ನೋಡೇ ಇಲ್ಲ!"

"ಎಲ್ಲಾರೂ ಬೇಸ್‌ಮೆಂಟಿಗೆ ಹೋಗಿ ಬಂದಾರ" ಎಂದ ಶೇಖಪ್ಪ. ಅವನ ದನಿ ಮರಳಿ ಬರುತ್ತಿತ್ತು.

ಅಸಲಿ ಮುದ್ರೆಗಳು ಬಿದ್ದವು. ನಾಗವ್ವ ಅಕ್ಕೋರು ಅಧಿಕೃತವಾಗಿ ಜೀವಂತರಾದರು. ಅಷ್ಟರಲ್ಲಿ ಬೇಸ್‌ಮೆಂಟಿನ ಚಿಲಕ ತೆಗೆದು ನಂಜುಂಡಪ್ಪನವರು ಮೇಲೆ ಬಂದರು. ಬಂದವರೇ ನೀಲಾಂಬಿಕಾಳಿಗೆ, "ಕೆಳಗ ಚಲೋ ಬೆಚ್ಚಗ ಐತಿ, ಚಿಲಕನೂ ಗಟ್ಟಿ ಐತಿ. ಸ್ವಲ್ಪ ದಿನ ಇರಲೇನವಾ?" ಎಂದರು.

"ಇರ್ರಿ ಕಾಕಾ. ಹಾಸಿಗಿ ಹಾಕತೇನಿ" ಎಂದು ಅವಳು ಕೆಳಗೋಡಿದಳು, ಮೊದಲು ಚಡ್ಡಿಗಳನ್ನು ತೆಗೆಯಲಿಕ್ಕೆ.

ನಂಜುಂಡಪ್ಪನವರಿಗೆ ಹೊಸ ಕಾಗದವೊಂದು ಬೇಕಾಗಿತ್ತು. ತನ್ನ ಅಂಗಡಿ ಮಾರುವ ಅಧಿಕಾರ ಯಾರಿಗೂ ಕೊಟ್ಟಿಲ್ಲ, ಕೊಟ್ಟೆನೆಂದು ಯಾರಾದರೂ ತೋರಿಸಿದರೆ ನಂಬಬೇಡಿ ಎಂದು. ಶರ್ಮಿಳಾ ಇಂಗ್ಲಿಷಿನಲ್ಲಿ ಬರೆದು ಕನ್ನಡದಲ್ಲಿ ಓದಿ ಹೇಳಿದಳು. ಅವರು ದಪ್ಪ ಅಕ್ಷರದಲ್ಲಿ, ಕಾಗದ ಹರಿಯುವಷ್ಟು ಒತ್ತಿ ಸಹಿ ಮಾಡಿದರು.

"ಇದಕ್ಕೆ ಸಾಕ್ಷಿ ಒಬ್ರು ಹಾಕಿದ್ರೆ ಒಳ್ಳೇದು" ಎಂದಳು ಶರ್ಮಿಳಾ.

ನಂಜುಂಡಪ್ಪನವರು ಯಾರತ್ತಲೂ ನೋಡದೆ ಪೆನ್ನನ್ನು ಶೇಖಪ್ಪನ ಕೈಗಿಟ್ಟರು.

ಶೇಖಪ್ಪ ಹಿಂದೆ ಸರಿದ. "ನನಗ ಲೈಸೆನ್ಸ್ ಇಲ್ಲಲ್ರಿ."

"ಸಾಕ್ಷಿಗೆ ಬೇಡ ಅಂಕಲ್. ಹದಿನೆಂಟು ತುಂಬಿರ್ಬೇಕು, ಕಣ್ಣಾರೆ ನೋಡಿರ್ಬೇಕು. ಅಷ್ಟೇ."

"ಯಾವ ರಾಜ್ಯದವ ಇರಬೇಕು?"

"ಯಾವ ರಾಜ್ಯದವ್ರಾದ್ರೂ ಆಗುತ್ತೆ."

ಶೇಖಪ್ಪ ನೆಟ್ಟಗೆ ಕುಳಿತ. ಅವಳು ಕೇಳದಿದ್ದರೂ ಡ್ರೈವಿಂಗ್ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟ. ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಊರು, ತಾಲೂಕು ಬರೆದ. ಜಿಲ್ಲೆ ಬರೆಯುವಷ್ಟರಲ್ಲಿ ಗೆರೆ ಮುಗಿಯಿತು, ಅಂಚಿನಲ್ಲಿ ತಿರುಗಿಸಿ ಬರೆದ. ಶರ್ಮಿಳಾ ಮುದ್ರೆ ಒತ್ತಿದಳು. ಹಾಲ್‌ನಲ್ಲಿ ಎದ್ದ ಚಪ್ಪಾಳೆಗೆ ಪಕ್ಕದ ಮನೆಯ ನಾಯಿ ಬೊಗಳಿತು.

ಕೂಡಲೇ ಸೀನಪ್ಪ ತನ್ನ ಸ್ಪೀಡಿಂಗ್ ಟಿಕೆಟ್ಟಿನ ಕಾಗದ ಮುಂದೆ ಚಾಚಿದ. "ಶೇಖಪ್ಪನವರೇ, ನನ್ನದಕ್ಕೂ ಒಂದು ಸಾಕ್ಷಿ ಹಾಕಿ ಮಾರಾಯ್ರೆ." ಅವನ ಹಿಂದೆ ಕಾಗುಣಿತದವರು, ಅವರ ಹಿಂದೆ ಅತ್ತೆಯನ್ನು ಕರೆಸುವವರು. ಈ ಬಾರಿ ಸಾಲು ಬೇಸ್‌ಮೆಂಟಿನತ್ತ ಹೋಗದೆ ಸೀದಾ ಸೋಫಾಕ್ಕೇ ಬಂದು ನಿಂತಿತ್ತು.

"ಅಯ್ಯೋ, ಇವಕ್ಕೆಲ್ಲ ಸಾಕ್ಷಿ ಅಗತ್ಯವೇ ಇಲ್ಲ!" ಎಂದು ಶರ್ಮಿಳಾ ಕೈ ಬೀಸಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಲ್ಲರನ್ನೂ ಮೊಣಕೈಯಿಂದ ಸರಿಸಿಕೊಂಡು ನಾಗವ್ವ ಅಕ್ಕೋರು ಮುಂದೆ ಬಂದು, ಒದ್ದೆ ಮುದ್ರೆಯ ತಮ್ಮ ಕಾಗದವನ್ನು ಶೇಖಪ್ಪನ ತೊಡೆಯ ಮೇಲಿಟ್ಟರು.

"ಮೊದಲ ನಂದು. ನಾ ಬದಕೀನಿ ಅನ್ನೂದನ್ನ ನೀನ ಕಣ್ಣಾರೆ ನೋಡಿ 'ಹೌದು' ಅಂತ ಬರಿ."

"ಅಜ್ಜಿ, ಸೀಲ್ ಆಗಿದೆ. ನಿಜವಾಗ್ಲೂ ಅದರ ಅಗತ್ಯ ಇಲ್ಲ" ಎಂದಳು ಶರ್ಮಿಳಾ.

"ಅಗತ್ಯ ಇರಲಿಕ್ಕಿಲ್ಲ ಬಿಡವಾ. ಜಾಗ ಖಾಲಿ ಐತಲ್ಲ" ಎಂದರು ಅಕ್ಕೋರು. "ಶೇಖಪ್ಪಾ, ದುಂಡಗ ಬರಿ."

ಶೇಖಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಕಾಯದೆಬದ್ಧವಾಗಿ ಪರೀಕ್ಷಿಸಿ ನೋಡಿ, ದುಂಡಗೆ ಬರೆದ.